ಮಾಳಿಗೆಯ ನಿದ್ದೆಯಿಂದ ಮಾಸ್ಕಿನ ನಿದ್ದೆಗೆ

ಗಳೆ ಹೊಡೆಯುವುದು, ಗಾಡಿ ಹೊಡೆಯುವುದು, ಗೊರಕೆ ಹೊಡೆಯುವುದು: ಮೂರಕ್ಕೂ ಕನ್ನಡ ಒಂದೇ ಕ್ರಿಯಾಪದ ಕೊಟ್ಟಿದೆ. ಗದಗ ತಾಲ್ಲೂಕಿನ ಹಿರೇಹಂದಿಗೋಳದಂಥ ಎರೆ ಸೀಮೆಯ ಊರುಗಳಲ್ಲಿ ಈ ಮೂರೂ ಒಂದೇ ದಿನದೊಳಗೆ ಮುಗಿಯುತ್ತಿದ್ದ ಕೆಲಸಗಳು. ಹಗಲೆಲ್ಲ ಹೊಲದಲ್ಲಿ ಮೈಮುರಿದವನು ರಾತ್ರಿ ಬಿಳಿಜೋಳದ ರೊಟ್ಟಿ ಉಂಡು, ಹೊರಸಿನ ಮೇಲೆ ಮೈ ಚೆಲ್ಲಿ ಗೊರಕೆ ತೆಗೆದರೆ ಮನೆಯವರಿಗೆ ಅದು ನೆಮ್ಮದಿಯ ಸದ್ದು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯ ಹಿಂದೆಯೂ ಇದೇ ನಂಬಿಕೆ ಇದೆ: ಸದ್ದುಗದ್ದಲ ಲೆಕ್ಕಿಸದೆ ಬಿದ್ದುಕೊಂಡವನು ಭಾಗ್ಯವಂತ. ವಾಲ್ಮೀಕಿಯ ಕುಂಭಕರ್ಣನನ್ನು ಎಬ್ಬಿಸಲು ಹೋದ ರಾಕ್ಷಸರು ಅವನ ಉಸಿರಿನ ರಭಸಕ್ಕೆ ನಿಲ್ಲಲಾರದೆ ಹಿಮ್ಮೆಟ್ಟುತ್ತಾರೆ. ಅಂಥ ಉಸಿರಿನಲ್ಲೂ ನಮ್ಮವರು ಕಂಡದ್ದು ಬಲವನ್ನೇ, ಬೇನೆಯನ್ನಲ್ಲ. ಈಗ ಇದೇ ಸೀಮೆಯವರು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಒಂದು ರಾತ್ರಿ ತಂತಿಗಳನ್ನು ಅಂಟಿಸಿಕೊಂಡು ಮಲಗಿ, ತಮ್ಮ ಉಸಿರು ಗಂಟೆಗೆ ಮೂವತ್ತು ನಲವತ್ತು ಸಲ ಕಟ್ಟುತ್ತಿದೆ ಎಂದು ತಿಳಿದುಕೊಂಡು, ಮಾಸ್ಕಿನ ಮೂಲಕ ಮೂಗಿಗೆ ಗಾಳಿ ಊದುವ, ಹತ್ತಾರು ಸಾವಿರ ರೂಪಾಯಿಯ ಸಿಪ್ಯಾಪ್ ಮಷಿನ್ ಕಟ್ಟಿಸಿಕೊಂಡು ಊರಿಗೆ ಮರಳುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಆ ಮಷಿನ್ ಟ್ರಂಕಿನ ಮೇಲೆ ಧೂಳು ತಿನ್ನತೊಡಗಿದರೆ, 'ಮಾತು ಕೇಳದ ರೋಗಿ' ಎಂಬ ಹೆಸರು ಅವರ ಬೆನ್ನಿಗೆ ಬೀಳುತ್ತದೆ. ಆ ಹೆಸರು ತಪ್ಪು ಎಂಬುದೇ ಈ ಬರಹದ ವಾದ. ಮಾಸ್ಕಿಗೆ ಹೊಂದಿಕೊಳ್ಳಲಾಗದ ಕಷ್ಟಕ್ಕೆ ಮನಸ್ಸಿನ ದೌರ್ಬಲ್ಯಕ್ಕಿಂತ ಹಳೆಯ ಬೇರುಗಳಿವೆ. ಒಂದು ಬೇರು ನಾವು ಮಲಗುತ್ತಿದ್ದ ರೀತಿಯಲ್ಲಿದೆ, ಇನ್ನೊಂದು ಆ ಮಷಿನ್ ಹುಟ್ಟಿದ ರೀತಿಯಲ್ಲಿ.

ಮೊದಲು ಮಲಗುತ್ತಿದ್ದ ರೀತಿ. ಈ ಭಾಗದ ಹಳೆಯ ಮನೆ ಎಂದರೆ ಮಣ್ಣಿನ ಮೇಲ್ಮುದ್ದೆಯ ಮನೆ. ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನಕರು, ಗೋದಲಿ. ಅಲ್ಲಿಂದ ಒಂದೆರಡು ಮೆಟ್ಟಿಲು ಎತ್ತರಕ್ಕೆ ಪಡಸಾಲೆ, ಅದರಾಚೆ ಅಡುಗೆಮನೆ, ದೇವರ ಜಗಲಿ. ಮೇಲಿನ ಬೆಳಕಿಂಡಿಯಿಂದ ಇಳಿದಷ್ಟೇ ಬೆಳಕು. ಈ ಮನೆಯಲ್ಲಿ ಉಣ್ಣಲು, ಕಾಳು ತುಂಬಲು, ಪೂಜೆಗೆ, ಬಾಣಂತನಕ್ಕೆ ಗೊತ್ತಾದ ಜಾಗವಿತ್ತು. ನಿದ್ದೆಗೆಂದೇ ಕಟ್ಟಿದ ಕೋಣೆ ಇರಲಿಲ್ಲ. ಬೇಸಿಗೆಯಲ್ಲಿ ಗಂಡಸರೂ ಮಕ್ಕಳೂ ಏಣಿ ಹತ್ತಿ ಮಾಳಿಗೆಗೆ ಹೋಗುತ್ತಿದ್ದರು, ಮಳೆಗಾಲದಲ್ಲಿ ಪಡಸಾಲೆಗೆ ಇಳಿಯುತ್ತಿದ್ದರು, ಸುಗ್ಗಿಯಲ್ಲಿ ಕಣ ಕಾಯಲು ಅಲ್ಲೇ ಕಂಬಳಿ ಹಾಸುತ್ತಿದ್ದರು. ಹಾಸಿಗೆ ಎಂದರೆ ಬೆಳಗಾದೊಡನೆ ಸುತ್ತಿಟ್ಟು ಬಿಡುವ ಚಾಪೆ, ಕೌದಿ. ಹತ್ತು ಜನ ಸಾಲಾಗಿ ಮಲಗಿದ ಮಾಳಿಗೆಯ ಮೇಲೆ ಯಾರ ನಿದ್ದೆಯೂ ಗುಟ್ಟಲ್ಲ. ಯಾರು ಕನವರಿಸುತ್ತಾರೆ, ಯಾರು ಹಲ್ಲು ಕಡಿಯುತ್ತಾರೆ, ಯಾರ ಗೊರಕೆ ನಡುವೆ ನಿಂತು ಎಲ್ಲರನ್ನೂ ಒಂದು ಗಳಿಗೆ ಹೆದರಿಸಿ ಮತ್ತೆ ಹೊರಡುತ್ತದೆ ಎಂಬುದು ಮನೆಮಂದಿಗೆಲ್ಲ ಗೊತ್ತಿರುತ್ತಿತ್ತು. ಗೊರಕೆ ಜೋರಾದಾಗ ಪಕ್ಕದವರು ಮಗ್ಗುಲು ಹೊರಳಿಸುತ್ತಿದ್ದರು. ಅಂಗಾತ ಮಲಗಿದಾಗ ಹೆಚ್ಚಾಗುವ ಉಸಿರುಕಟ್ಟಿಗೆ ಅದು ನಿಜಕ್ಕೂ ಸ್ವಲ್ಪ ಉಪಶಮನವೇ. ಇದನ್ನು ಹೇಳುವಾಗ ಹಳೆಯದನ್ನು ಹೊಗಳುವ ಮೋಹಕ್ಕೆ ಬೀಳಬಾರದು. ಮಾಳಿಗೆಯ ಗಾಳಿ ಹೆಚ್ಚಾಗಿ ಗಂಡಸರ ಪಾಲು. ಹೆಂಗಸರು ಒಳಗೆ, ಒಲೆಯ ಹೊಗೆ ಆರದ ಜಾಗದಲ್ಲಿ, ಎಲ್ಲರಿಗಿಂತ ತಡವಾಗಿ ಮಲಗಿ ಎಲ್ಲರಿಗಿಂತ ಮೊದಲು ಏಳುತ್ತಿದ್ದರು. ಅವರ ಗೊರಕೆಯನ್ನು ಕೇಳಿಸಿಕೊಂಡವರೂ ಕಡಿಮೆ, ಕೇಳಿದರೂ ಆಡಿ ತೋರಿಸುವುದು ನಾಚಿಕೆಯ ಮಾತು. ಹೆಣ್ಣುಮಕ್ಕಳಲ್ಲಿ ಉಸಿರುಕಟ್ಟಿನ ಈ ರೋಗ ಇಂದಿಗೂ ತಡವಾಗಿ ಪತ್ತೆಯಾಗುವುದರಲ್ಲಿ ಆ ನಾಚಿಕೆಯ ಪಾಲೂ ಇದೆ.

ಸಾಕ್ಷಿಯ ಮಾತು ಇಲ್ಲಿ ದೊಡ್ಡದು, ಏಕೆಂದರೆ ಸ್ಲೀಪ್ ಆಪ್ನಿಯಾ ಎಂಬ ಈ ಉಸಿರುಕಟ್ಟು ಸಾಕ್ಷಿ ಇಲ್ಲದೆ ತಿಳಿಯದ ರೋಗ. ನಿದ್ದೆಯಲ್ಲಿ ಸ್ನಾಯು ಸಡಿಲಾಗಿ ನಾಲಗೆಯ ಬುಡ ಹಿಂದಕ್ಕೆ ಜಾರುತ್ತದೆ, ಗಂಟಲಿನ ಮೆದು ಗೋಡೆಗಳು ಒಂದಕ್ಕೊಂದು ಅಂಟುತ್ತವೆ, ಎದೆ ಎಳೆದೆಳೆದು ಸೋತರೂ ಗಾಳಿ ಒಳಗೆ ಹೋಗುವುದಿಲ್ಲ. ಹತ್ತು ಸೆಕೆಂಡಿಗೂ ಹೆಚ್ಚು ಹೀಗಾದರೆ ಅದನ್ನು ಒಂದು ಉಸಿರುಕಟ್ಟು ಎಂದು ಎಣಿಸುತ್ತಾರೆ. ಗಂಟೆಗೆ 5 ದಾಟಿದರೆ ರೋಗ, 30 ಮುಟ್ಟಿದರೆ ತೀವ್ರ. ಪ್ರತಿ ಸಲವೂ ಮಿದುಳು ಗಾಬರಿಯಿಂದ ಅರೆ ಎಚ್ಚರವಾಗಿ ಗಂಟಲನ್ನು ತೆರೆಸುತ್ತದೆ, ಮಲಗಿದವನಿಗೆ ಅದು ನೆನಪೂ ಉಳಿಯುವುದಿಲ್ಲ. ಬೆಳಿಗ್ಗೆ ತಲೆಭಾರ, ಹಗಲು ಕುಳಿತಲ್ಲೇ ತೂಕಡಿಕೆ, ಮಾತ್ರೆಗೆ ಬಗ್ಗದ ಬಿ.ಪಿ. ಇವಷ್ಟೇ ಹೊರಗೆ ಕಾಣುವುದು. ವೈದ್ಯಶಾಸ್ತ್ರಕ್ಕೂ ಇದು ತಡವಾಗಿಯೇ ಕಂಡಿತು. ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಬರೆದ ಮೊದಲ ಕಾದಂಬರಿಯಲ್ಲಿ ನಿಂತಲ್ಲೇ ನಿದ್ದೆಹೋಗುವ ದಪ್ಪ ಹುಡುಗನೊಬ್ಬನಿದ್ದಾನೆ. 1956ರಲ್ಲಿ ಅಮೆರಿಕದ ವೈದ್ಯ ಬರ್ವೆಲ್ ಮತ್ತು ಸಂಗಡಿಗರು ಆ ಕಾದಂಬರಿಯ ಹೆಸರನ್ನೇ ಇಂಥ ರೋಗಲಕ್ಷಣಗಳ ಕೂಟಕ್ಕೆ ಇಟ್ಟರು. ಆದರೂ ಗಂಟಲು ಮುಚ್ಚುವುದು ಯಾರ ಕಣ್ಣಿಗೂ ಬೀಳಲಿಲ್ಲ. 1965ರಲ್ಲಿ ಫ್ರಾನ್ಸಿನ ಗಾಸ್ತೋ ತಂಡವೂ ಜರ್ಮನಿಯ ಯುಂಗ್ ಮತ್ತು ಕೂಲೋ ಅವರೂ ಬೇರೆಬೇರೆಯಾಗಿ, ರಾತ್ರಿಯಿಡೀ ಉಸಿರನ್ನು ದಾಖಲಿಸಿ ನೋಡಿದಾಗಲೇ ಅದು ಹೊರಬಿದ್ದದ್ದು. ಈಗ ಬಳಕೆಯಲ್ಲಿರುವ ಹೆಸರು 1976ರಲ್ಲಿ ಸ್ಟ್ಯಾನ್‌ಫರ್ಡ್‌ನ ಗಿಲ್ಮಿನೋ ಅವರ ಬರಹದಿಂದ ನೆಲೆಯಾಯಿತು. ರಾತ್ರಿಯಿಡೀ ಪಕ್ಕದಲ್ಲಿ ಎಚ್ಚರವಿದ್ದು ನೋಡುವ ಆ ಕೆಲಸವನ್ನು ನಮ್ಮ ಮಾಳಿಗೆಗಳಲ್ಲಿ ಮನೆಮಂದಿ ತಲೆಮಾರುಗಳಿಂದ ಮಾಡುತ್ತಲೇ ಇದ್ದರು. ನೋಡಿದ್ದನ್ನು ರೋಗವೆಂದು ಕರೆಯುವ ಮಾತು ಮಾತ್ರ ಇರಲಿಲ್ಲ.

ಇನ್ನು ಮಷಿನ್ ಹುಟ್ಟಿದ ರೀತಿ. ರೋಗ ಗೊತ್ತಾದ ಮೇಲೆ ಮೊದಲು ಕೈಗೆ ಸಿಕ್ಕ ಪರಿಹಾರ ಕತ್ತಿಯದು. ಮುಚ್ಚುವ ಜಾಗ ಗಂಟಲಾದರೆ ಗಂಟಲನ್ನೇ ಬಳಸದೆ ಉಸಿರಾಡಲಿ ಎಂದು 1969ರಲ್ಲಿ ಕೂಲೋ ಮತ್ತು ಸಂಗಡಿಗರು ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ನಳಿಗೆ ಕೂರಿಸಿದ್ದನ್ನು ವರದಿ ಮಾಡಿದರು. ಹಗಲು ಅದಕ್ಕೆ ಬಿರಡೆ, ರಾತ್ರಿ ಬಿರಡೆ ತೆಗೆದು ಮಲಗುವುದು. ರೋಗ ಒಂದೇ ರಾತ್ರಿಯಲ್ಲಿ ಹೋಗುತ್ತಿತ್ತು. ಆದರೆ ಕುತ್ತಿಗೆಯಲ್ಲಿ ತೂತು, ಅದರಿಂದ ಸುರಿಯುವ ಕಫ, ಸೋಂಕಿನ ಭಯ, ನೀರಿಗಿಳಿಯಲಾಗದ ಬದುಕು ಇವೆಲ್ಲ ಜೊತೆಗೆ ಬರುತ್ತಿದ್ದವು. 1980ರ ಜೂನ್‌ನಲ್ಲಿ ಸಿಡ್ನಿಯಲ್ಲಿ ಇಂಥ ಶಸ್ತ್ರಚಿಕಿತ್ಸೆಗೆ ಒಪ್ಪದ ರೋಗಿಯೊಬ್ಬರ ಮೇಲೆ ಕಾಲಿನ್ ಸಲಿವನ್ ಎಂಬ ವೈದ್ಯರು ಹೊಸ ಪ್ರಯೋಗ ಮಾಡಿದರು. ಕಸ ಎಳೆಯುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ತಿರುಗುಮುರುಗು ಬಳಸಿ, ಮೂಗಿನ ಮೂಲಕ ಒಂದೇ ಸಮನೆ ಗಾಳಿ ಊದಿ, ಆ ಗಾಳಿಯ ಒತ್ತಡದಿಂದಲೇ ಗಂಟಲು ತೆರೆದಿರುವಂತೆ ಮಾಡಿದರು. 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅವರ ಬರಹದಲ್ಲಿದ್ದದ್ದು ಐದೇ ರೋಗಿಗಳು. ಒತ್ತಡ ಎಷ್ಟೆಂದರೆ, ಹತ್ತು ಸೆಂಟಿಮೀಟರ್ ಆಳದ ನೀರಿನ ಲೋಟದ ತಳಕ್ಕೆ ಕೊಳವೆ ಮುಟ್ಟಿಸಿ ಊದಿದರೆ ಗುಳ್ಳೆ ಏಳಿಸಲು ಬೇಕಾಗುವಷ್ಟು, ಇಲ್ಲವೇ ಅದಕ್ಕಿಂತ ಕಡಿಮೆ. ಇಷ್ಟು ಅಲ್ಪ ಗಾಳಿ ಕತ್ತಿಯನ್ನು ಸೋಲಿಸಿತು. ಆದರೆ ಆ ಮೊದಲ ವರ್ಷಗಳ ಮಾಸ್ಕನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ರೋಗಿಯ ಮೂಗಿನ ಅಚ್ಚು ತೆಗೆದು ಒಬ್ಬೊಬ್ಬರಿಗೂ ಬೇರೆ ಮಾಡಿದ್ದು. ಪ್ರತಿ ರಾತ್ರಿ ಸಿಲಿಕೋನ್ ಅಂಟು ಬಳಿದು ಮುಖಕ್ಕೆ ಕೂರಿಸಬೇಕು, ಬೆಳಿಗ್ಗೆ ಕಿತ್ತು, ಅಂಟು ಕೆರೆದು ತೊಳೆಯಬೇಕು. ಪಕ್ಕದಲ್ಲಿ ಕಸದ ಮಷಿನಿನ ಭೋರ್ಗರೆತ. ಅದನ್ನೂ ಕೆಲವರು ವರ್ಷಗಟ್ಟಲೆ ಸಹಿಸಿದರು, ಏಕೆಂದರೆ ಅವರ ಎದುರಿಗಿದ್ದ ಇನ್ನೊಂದು ದಾರಿ ಕುತ್ತಿಗೆಯ ತೂತು.

ಅಲ್ಲಿಂದೀಚೆಗೆ ಬದಲಾದದ್ದು ಹೆಚ್ಚಾಗಿ ಮಷಿನ್. 1985ರ ಹೊತ್ತಿಗೆ ಅದು ಮಾರಾಟದ ಸರಕಾಯಿತು. ಅಂಟು ಹೋಗಿ ಪಟ್ಟಿ ಬಂತು, ಮೆತ್ತನೆಯ ಸಿಲಿಕೋನ್ ಅಂಚು ಬಂತು, ಒಣಗಿದ ಮೂಗಿಗೆ ತೇವದ ಗಾಳಿ ಕೊಡುವ ನೀರಿನ ಡಬ್ಬಿ ಬಂತು, ಉಸಿರು ನೋಡಿಕೊಂಡು ಒತ್ತಡ ತಾನೇ ಏರಿಳಿಸುವ ಮಾದರಿ ಬಂತು, ಭೋರ್ಗರೆತ ಪಿಸುಮಾತಾಯಿತು. ಸಿಪ್ಯಾಪಿನ ಚರಿತ್ರೆ ಎಂದರೆ ಮನುಷ್ಯನ ಮುಖಕ್ಕೆ ಮಷಿನ್ ಹೊಂದಿಕೊಳ್ಳುತ್ತ ಬಂದ ಚರಿತ್ರೆ. ಆದರೆ ಅದು ಹೊಂದಿಕೊಂಡದ್ದು ಒಂದು ಬಗೆಯ ಮನೆಯ ಮನುಷ್ಯನಿಗೆ. ಬಾಗಿಲು ಹಾಕಿದ ಕೋಣೆ, ಕದಲದ ಮಂಚ, ತಲೆಯ ಬಳಿ ಸ್ವಿಚ್ಚು, ರಾತ್ರಿಯಿಡೀ ಹೋಗದ ಕರೆಂಟು, ಧೂಳಿಲ್ಲದ ಗಾಳಿ, ಲವಣವಿಲ್ಲದ ನೀರು ಇವೆಲ್ಲ ಇದ್ದೇ ಇರುತ್ತವೆ ಎಂದು ಅದು ನಂಬಿದೆ. ಎರೆ ಸೀಮೆಯ ಊರಿಗೆ ಬಂದಾಗ ಈ ನಂಬಿಕೆಗಳು ಒಂದೊಂದಾಗಿ ಅಲ್ಲಾಡುತ್ತವೆ. ಹಳ್ಳಿಯ ಮನೆಗಳ ಲೈನನ್ನು ಪಂಪ್‌ಸೆಟ್ಟಿನ ಲೈನಿನಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ರಾತ್ರಿಯ ಕರೆಂಟು ಎಷ್ಟೋ ಸುಧಾರಿಸಿದೆ ನಿಜ. ಆದರೂ ಮುಂಗಾರಿನ ಮೊದಲ ಗಾಳಿಮಳೆಗೆ ಲೈನ್ ಬಿದ್ದರೆ ನಡುರಾತ್ರಿ ಮೂಗು ಮುಚ್ಚಿದ ಮಾಸ್ಕಿನೊಳಗೆ ಗಾಳಿ ಹಠಾತ್ತನೆ ನಿಲ್ಲುತ್ತದೆ. ಉಸಿರಿಗೆ ಕಿಂಡಿ ಇದ್ದೇ ಇರುತ್ತದೆ, ಅಪಾಯವಿಲ್ಲ ಎಂದು ಕಂಪನಿಯ ಪುಸ್ತಕ ಹೇಳಬಹುದು. ಕತ್ತಲಲ್ಲಿ ಉಸಿರು ಕಟ್ಟಿ ಎದ್ದು ಕುಳಿತವನಿಗೆ ಆ ಪುಸ್ತಕ ನೆನಪಾಗುವುದಿಲ್ಲ. ಮರುರಾತ್ರಿ ಮಾಸ್ಕ್ ಮುಟ್ಟಲು ಕೈ ಹಿಂಜರಿಯುತ್ತದೆ. ತೇವದ ಡಬ್ಬಿಗೆ ಬಟ್ಟಿ ಇಳಿಸಿದ ನೀರು ಹಾಕಬೇಕು. ಗದಗ ಜಿಲ್ಲೆಯ, ಅದರಲ್ಲೂ ಮುಂಡರಗಿ ಕಡೆಯ ಬೋರಿನ ನೀರು ಫ್ಲೋರೈಡಿಗೆ ಹೆಸರಾದದ್ದು, ಗಡಸು ನೀರು ಹಾಕಿದರೆ ಡಬ್ಬಿಯ ತಳದಲ್ಲಿ ಬಿಳಿ ಪದರ ಕೂರುತ್ತದೆ. ಎರೆಮಣ್ಣಿನ ಧೂಳು, ಸುಗ್ಗಿಯ ಹೊಟ್ಟು ಫಿಲ್ಟರನ್ನು ಬೇಗ ಕಟ್ಟಿಸುತ್ತವೆ. ದಪ್ಪ ಮೀಸೆಯ ಮೇಲೆ ಮಾಸ್ಕಿನ ಅಂಚು ಕೂರದೆ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ. ಮೂಗುತಿಯ ಮೇಲೆ ಅದೇ ಅಂಚು ಒತ್ತಿ ಗಾಯವಾಗುತ್ತದೆ. ಮುತ್ತೈದೆ ಮೂಗುತಿ ತೆಗೆದು ಮಲಗಬೇಕು ಎನ್ನುವುದು ಈ ಊರುಗಳಲ್ಲಿ ಸಣ್ಣ ಮಾತಲ್ಲ. ಬೇಸಿಗೆಯಲ್ಲಿ ಮಾಳಿಗೆಗೆ ಹೋಗುವ ಮನೆಯಲ್ಲಿ ಒಬ್ಬರು ಮಾತ್ರ ವೈರಿನ ಉದ್ದಕ್ಕೆ ಕಟ್ಟುಬಿದ್ದು ಸೆಕೆಯ ಕೋಣೆಯಲ್ಲಿ ಉಳಿಯಬೇಕಾಗುತ್ತದೆ. ಹಳೆಯ ಪದ್ಧತಿ ಸಾಕ್ಷಿ ಕೊಟ್ಟಿತ್ತು, ಚಿಕಿತ್ಸೆ ಕೊಟ್ಟಿರಲಿಲ್ಲ. ಹೊಸ ಕೋಣೆ ಚಿಕಿತ್ಸೆಗೆ ಜಾಗ ಕೊಟ್ಟಿತು, ಸಾಕ್ಷಿಯನ್ನು ಹೊರಗೆ ಕಳಿಸಿತು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಕೋಣೆ, ಕರೆಂಟು, ನೀರು ಎಲ್ಲ ಸರಿಯಿರುವ ದೇಶಗಳಲ್ಲೂ ಜನ ಈ ಮಷಿನ್ ಬಿಡುತ್ತಾರಲ್ಲ, ಮತ್ತೆ ಮನೆಯ ಮೇಲೆ ಯಾಕೆ ಹೊರೆ ಹಾಕಬೇಕು? ಮಾತು ನಿಜ. 1993ರಲ್ಲಿ ಅಮೆರಿಕದಲ್ಲಿ ಕ್ರಿಬ್ಸ್ ಮತ್ತು ಸಂಗಡಿಗರು ರೋಗಿಗಳ ಮಷಿನಿನೊಳಗೆ ಗಡಿಯಾರದಂಥ ದಾಖಲೆ ಸಾಧನ ಇಟ್ಟು ನೋಡಿದರು. 35 ಜನರಲ್ಲಿ, ಹತ್ತರಲ್ಲಿ ಏಳು ರಾತ್ರಿಯಾದರೂ ನಾಲ್ಕು ಗಂಟೆ ಬಳಸಿದವರು ಅರ್ಧಕ್ಕಿಂತ ಕಡಿಮೆ. ಬಾಯಲ್ಲಿ ಹೇಳಿದ್ದಕ್ಕಿಂತ ಮಷಿನ್ ಹೇಳಿದ್ದು ಕಡಿಮೆ ಇತ್ತು. ಆ ಅಳತೆಯೇ ಮುಂದೆ ಅಲ್ಲಿನ ಸರಕಾರಿ ವಿಮೆಯ ನಿಯಮವಾಗಿ, ಒಳ್ಳೆಯ ರೋಗಿ ಕೆಟ್ಟ ರೋಗಿ ಎಂದು ವಿಂಗಡಿಸುವ ಗೆರೆಯಾಯಿತು. ಆದರೆ ಇದೇ ಪುರಾವೆ ನನ್ನ ವಾದಕ್ಕೆ ಬಲ ಕೊಡುತ್ತದೆ ಎಂದು ನಾನು ತಿಳಿಯುತ್ತೇನೆ. ಅಷ್ಟೆಲ್ಲ ಅನುಕೂಲವಿದ್ದಲ್ಲೇ ಅರ್ಧ ಜನ ಎಡವುವ ದಾರಿಯಲ್ಲಿ ಅನುಕೂಲವಿಲ್ಲದವರು ಎಡವಿದರೆ ಅದು ಸ್ವಭಾವದ ದೋಷ ಹೇಗಾಗುತ್ತದೆ? ಬಿಡುವವರೆಲ್ಲ ಹಟಮಾರಿಗಳಾಗಿದ್ದರೆ ಜೊತೆಗೊಬ್ಬರು ನಿಂತ ಮಾತ್ರಕ್ಕೆ ಬಳಕೆ ಏರಬಾರದಿತ್ತು. 1999ರಲ್ಲಿ ಎಡಿನ್‌ಬರೋದ ವೈದ್ಯರು ರೋಗಿಗಳ ಒಂದು ಗುಂಪಿಗೆ ಎಂದಿನಂತೆ ಮಷಿನ್ ಕೊಟ್ಟು, ಇನ್ನೊಂದು ಗುಂಪಿಗೆ ಆರಂಭದಲ್ಲಿ ಸಂಗಾತಿಯನ್ನೂ ಕೂರಿಸಿ ವಿವರಿಸಿ, ಹೆಚ್ಚು ರಾತ್ರಿ ಆಸ್ಪತ್ರೆಯಲ್ಲಿ ರೂಢಿ ಮಾಡಿಸಿ, ನರ್ಸ್ ಮನೆಗೇ ಹೋಗಿ ನೋಡಿಬರುವ ಏರ್ಪಾಡು ಮಾಡಿದರು. ಆರು ತಿಂಗಳ ನಂತರ ಮೊದಲ ಗುಂಪಿನ ಬಳಕೆ ರಾತ್ರಿಗೆ ನಾಲ್ಕು ಗಂಟೆ ಮುಟ್ಟಿರಲಿಲ್ಲ, ಎರಡನೆಯದು ಐದು ದಾಟಿತ್ತು. ಮಷಿನ್ ಎರಡೂ ಕಡೆ ಒಂದೇ.

ಎರಡನೆಯ ಆಕ್ಷೇಪ ಊರಿನೊಳಗಿನದು. ದುಡಿಯುವ ಮೈಗೆ ಇಂಥ ರೋಗವೆಲ್ಲಿ, ಇದು ಕುಳಿತು ತಿನ್ನುವ ಪೇಟೆಯವರ ಬೊಜ್ಜಿನ ಬೇನೆ ಎನ್ನುವುದು. ಬೊಜ್ಜು ಕಾರಣಗಳಲ್ಲಿ ದೊಡ್ಡದು ಎಂಬುದರಲ್ಲಿ ಸಂಶಯವಿಲ್ಲ. 2004ರಲ್ಲಿ ಉದ್ವಾಡಿಯಾ ಮತ್ತು ಸಂಗಡಿಗರು ಮುಂಬೈಯಲ್ಲಿ 35ರಿಂದ 65 ವಯಸ್ಸಿನ ಗಂಡಸರನ್ನು ಪರೀಕ್ಷಿಸಿ ನೂರಕ್ಕೆ ಏಳೂವರೆ ಮಂದಿಗೆ ಹಗಲು ತೂಕಡಿಕೆಯ ಸಮೇತ ಈ ರೋಗವಿದೆ ಎಂದಾಗ ಅದು ಪೇಟೆಯ ಲೆಕ್ಕವೇ ಆಗಿತ್ತು. ಆದರೆ ಗಂಟಲಿನ ಜಾಗ ಕಿರಿದಾಗಲು ಕೊಬ್ಬು ಒಂದೇ ಬೇಕಾಗಿಲ್ಲ. ಹಿಂದೆ ಸರಿದ ಕೆಳದವಡೆ, ದೊಡ್ಡ ಟಾನ್ಸಿಲ್, ಗಿಡ್ಡ ಕುತ್ತಿಗೆ, ಮೇಲೇರುವ ವಯಸ್ಸು ಸಾಕು. ಏಷ್ಯಾದ ಜನರಲ್ಲಿ ತೆಳ್ಳಗಿನವರಲ್ಲೂ ಇದು ಕಾಣುತ್ತದೆ. ಮೇಲಾಗಿ ಊರಿನ ಮೈಯೂ ಹಳೆಯ ಮೈಯಲ್ಲ. ಗಳೆಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ನಡಿಗೆಯ ಜಾಗಕ್ಕೆ ಬೈಕ್ ಬಂದಿದೆ. ಹಗಲು ತೂಕಡಿಸುವವನ ಕೈಯಲ್ಲಿ ಈಗ ಇರುವುದು ಎತ್ತಿನ ಹಗ್ಗವಲ್ಲ, ಟ್ರ್ಯಾಕ್ಟರಿನ ಸ್ಟೇರಿಂಗು. ಗಾಡಿಯಲ್ಲಿ ಮಲಗಿದರೂ ಎತ್ತು ಮನೆಯ ದಾರಿ ಹಿಡಿಯುತ್ತಿತ್ತು.

ಪ್ರಾಣಾಯಾಮ ಸಾಲದೆ ಎಂದು ಕೇಳುವವರಿದ್ದಾರೆ. ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಗದಗಿನಲ್ಲಿ, ಉಸಿರನ್ನು ಸ್ವರವಾಗಿ ಪಳಗಿಸುವುದನ್ನು ಕಣ್ಣಾರೆ ಕಂಡ ಊರಿನಲ್ಲಿ, ಈ ಪ್ರಶ್ನೆ ಸಹಜ, ತಳ್ಳಿಹಾಕುವಂಥದ್ದಲ್ಲ. 2006ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 25 ಜನರ ಮೇಲೆ ನಡೆದ ಪ್ರಯೋಗವೊಂದರಲ್ಲಿ ಆಸ್ಟ್ರೇಲಿಯಾದ ಆದಿವಾಸಿಗಳ ಡಿಜರಿಡೂ ಎಂಬ ಉದ್ದನೆಯ ಊದುವಾದ್ಯವನ್ನು ನಾಲ್ಕು ತಿಂಗಳು ಅಭ್ಯಾಸ ಮಾಡಿದವರ ಉಸಿರುಕಟ್ಟು ಕಡಿಮೆಯಾಯಿತು. ಗಂಟಲಿನ ಸ್ನಾಯುಗಳಿಗೆ ಸಾಧಕವಿದೆ, ಫಲವೂ ಇದೆ. ಆದರೆ ಅಲ್ಲಿ ತೆಗೆದುಕೊಂಡದ್ದು ಮಧ್ಯಮ ಹಂತದವರನ್ನು, ಸಿಕ್ಕಿದ್ದು ಇಳಿಕೆ. ಗಂಟೆಗೆ ನಲವತ್ತು ಐವತ್ತು ಸಲ ಕಟ್ಟುವ ಉಸಿರಿಗೆ ಇದನ್ನೇ ನಂಬಿ ಮಾಸ್ಕ್ ಕೆಳಗಿಡುವುದು ಅಪಾಯ. ಇನ್ನು, ಓದಿಕೊಂಡವರು ಮುಂದಿಡುವುದು 2016ರ 'ಸೇವ್' ಪ್ರಯೋಗವನ್ನು. ಭಾರತವೂ ಸೇರಿ ಹಲವು ದೇಶಗಳ 2,717 ಜನರಲ್ಲಿ ಸಿಪ್ಯಾಪ್ ಹೃದಯಾಘಾತ, ಲಕ್ವಗಳನ್ನು ತಗ್ಗಿಸಲಿಲ್ಲ ಎಂಬುದು ಅದರ ತೀರ್ಮಾನ. ಅದನ್ನು ಮುಚ್ಚಿಡುವುದು ಸರಿಯಲ್ಲ. ಹೃದಯ ಕಾಪಾಡುತ್ತದೆಂದು ಆಣೆ ಇಟ್ಟು ಮಷಿನ್ ಮಾರುವುದೂ ಸರಿಯಲ್ಲ. ಆದರೆ ಆ ಪ್ರಯೋಗದಲ್ಲಿ ಮಾಸ್ಕ್ ಮುಖದ ಮೇಲಿದ್ದದ್ದು ಸರಾಸರಿ ರಾತ್ರಿಗೆ 3.3 ಗಂಟೆ. ಅಷ್ಟರಲ್ಲೂ ಹಗಲಿನ ತೂಕಡಿಕೆ ಇಳಿದಿತ್ತು, ಮನಸ್ಸು ಹಗುರಾಗಿತ್ತು. ಟ್ರ್ಯಾಕ್ಟರ್ ಓಡಿಸುವವನಿಗೆ ಅದು ಸಣ್ಣ ಲಾಭವಲ್ಲ.

ಲೆಕ್ಕಕ್ಕೆ ಸಿಗದ ಒಂದು ಕಾರಣವೂ ಇದೆ, ಅದು ಈಚಿನ ಚರಿತ್ರೆಯದು. ಸಿಪ್ಯಾಪ್, ಅದರ ಜೊತೆಯ ಬೈಪ್ಯಾಪ್ ಎಂಬ ಶಬ್ದಗಳು ನಮ್ಮ ಹಳ್ಳಿಗಳ ಕಿವಿಗೆ ಮೊದಲು ಬಿದ್ದದ್ದು ನಿದ್ದೆಯ ಮಾತಿನಲ್ಲಲ್ಲ, 2020-21ರ ಕೋವಿಡ್ ವಾರ್ಡುಗಳಿಂದ. ಬೆಡ್ ಸಿಕ್ಕಿತು, ಬೈಪ್ಯಾಪ್ ಹಾಕಿದ್ದಾರೆ ಎಂಬ ಫೋನು ಬಂದ ಎಷ್ಟೋ ಮನೆಗಳಿಗೆ ಆಮೇಲೆ ಬಂದದ್ದು ಸಾವಿನ ಸುದ್ದಿ. ಅಪ್ಪನ ಮುಖವನ್ನು ಕಡೆಯ ಸಲ ಮಾಸ್ಕಿನೊಳಗೆ, ವೀಡಿಯೊ ಕಾಲಿನಲ್ಲಿ ನೋಡಿದವರಿಗೆ ಅದೇ ಬಗೆಯ ಮಾಸ್ಕನ್ನು ದಿನವೂ ಕಟ್ಟಿಕೊಂಡು ಮಲಗಿ ಎಂದರೆ ಎದೆ ಒಪ್ಪುವುದು ಹೇಗೆ? ಆ ಭಯವನ್ನು ಅಜ್ಞಾನವೆಂದು ಜರಿಯಲು ನನಗೆ ಮನಸ್ಸಿಲ್ಲ. ಅದು ಕಂಡು ಉಂಡ ದುಃಖದ ಭಯ. ಅದಕ್ಕೆ ಎದುರಾಗಿ ತೋರಿಸಬಹುದಾದ ಇನ್ನೊಂದು ಚಿತ್ರ ಅದೇ ಆಸ್ಪತ್ರೆಗಳ ನವಜಾತ ಶಿಶುಗಳ ಘಟಕದಲ್ಲಿದೆ. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಇದೇ ತತ್ತ್ವದ ಗಾಳಿಯೊತ್ತಡವನ್ನು ಉಸಿರಾಡಲು ಒದ್ದಾಡುವ 20 ಕೂಸುಗಳಿಗೆ ಕೊಟ್ಟರು, 16 ಬದುಕಿದವು. ದಿನ ತುಂಬದೆ ಹುಟ್ಟಿದ ಅಂಗೈಯಷ್ಟು ಮಗುವಿನ ಮೂಗಿಗೆ ಇಂದು ಇಡುವ ಪುಟ್ಟ ನಳಿಗೆಯೂ, ನೀರಿನಲ್ಲಿ ಗುಳಗುಳ ಎನ್ನುವ ಅದರ ಬಾಟಲಿಯೂ ಸಿಪ್ಯಾಪೇ.

ಹಾಗಾದರೆ ಆಗಬೇಕಾದ್ದೇನು ಎಂಬುದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ ಸಹಕಾರಿ ಸಂಘ ಹುಟ್ಟಿತು. ಸಾಲ ತೀರಿಸಲಾಗದ ರೈತನನ್ನು ಸೋಮಾರಿ ಎನ್ನುವುದನ್ನು ಬಿಟ್ಟು, ಸಾಲದ ರೀತಿಯನ್ನೇ ಬದಲಿಸಿದ ಕೆಲಸ ಅದು. ಅಂಥ ಸಹಕಾರಿ ಸಂಘಗಳ ಸದಸ್ಯತ್ವದ ಮೇಲೆ ಸುಮಾರು ನೂರು ವರ್ಷದ ನಂತರ ಯಶಸ್ವಿನಿ ಆರೋಗ್ಯ ಯೋಜನೆ ನಿಂತಿತು. ನಡುವೆ ನಿಂತು 2022ರಲ್ಲಿ ಮರಳಿ ಶುರುವಾಯಿತು. ಆದರೆ ಅದರ ಅಡಿಪಾಯ ಶಸ್ತ್ರಚಿಕಿತ್ಸೆ: ಒಮ್ಮೆ ಸೇರಿ, ಒಮ್ಮೆ ಕತ್ತಿ ತಾಗಿಸಿಕೊಂಡು, ಬಿಡುಗಡೆಯಾಗಿ ಬರುವ ರೋಗಿ. ಮನೆಯಲ್ಲಿ ಪ್ರತಿ ರಾತ್ರಿ, ವರ್ಷಗಟ್ಟಲೆ ನಡೆಯುವ ಚಿಕಿತ್ಸೆ ಆ ಚೌಕಟ್ಟಿಗೆ ಸುಲಭವಾಗಿ ಕೂರುವುದಿಲ್ಲ. ಬೇಕಾದ್ದೂ ಭಾರಿ ಏನಲ್ಲ. ತೇವದ ಡಬ್ಬಿ ಬಿಟ್ಟರೆ ಈ ಮಷಿನ್ ಎಳೆಯುವ ಕರೆಂಟು ಒಂದು ಫ್ಯಾನಿನಷ್ಟೇ. ಸಣ್ಣ ಬ್ಯಾಟರಿ ಅದನ್ನು ರಾತ್ರಿ ದಾಟಿಸುತ್ತದೆ. ಸ್ಪ್ರೇಯರ್, ಬಿತ್ತುವ ಕೂರಿಗೆ ಬಾಡಿಗೆಗೆ ಕೊಡುವ ಊರಲ್ಲಿ ನಾಲ್ಕು ಅಳತೆಯ ಮಾಸ್ಕನ್ನು ಕೊಳ್ಳುವ ಮೊದಲು ಕಟ್ಟಿ ನೋಡಲು ಇಟ್ಟುಕೊಳ್ಳುವುದು ಆಗದ ಕೆಲಸವಲ್ಲ. ಎಲ್ಲಕ್ಕಿಂತ ಬೇಕಾದ್ದು ಮೊದಲ ದಿನಗಳಲ್ಲಿ ಒಬ್ಬರು ಬಂದು ನೋಡುವುದು. 1997ರಲ್ಲಿ ವೀವರ್ ಮತ್ತು ಸಂಗಡಿಗರು 32 ರೋಗಿಗಳ ರಾತ್ರಿಗಳನ್ನು ಒಂದೊಂದಾಗಿ ಎಣಿಸಿದಾಗ, ಮುಂದೆ ಬಳಸುವವರು ಯಾರು, ಬಿಟ್ಟುಬಿಟ್ಟು ಬಳಸುವವರು ಯಾರು ಎಂಬ ಕವಲು ನಾಲ್ಕನೆಯ ದಿನಕ್ಕೇ ಕಾಣಿಸಿಕೊಂಡಿತ್ತು. ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ ಹೋಗುವ ದಿನಗಳು ನಿಯಮದಲ್ಲೇ ಬರೆದಿಟ್ಟಿವೆ: 3, 7, 14, 21, 28, 42. ಕೂಸಿನ ಉಸಿರು, ಮೈಬಿಸಿ, ಹಾಲು ಕುಡಿಯುವುದನ್ನು ನೋಡಿ ಕಾರ್ಡಿನಲ್ಲಿ ಬರೆದುಕೊಂಡು ಆಕೆ ಹೊರಡುತ್ತಾಳೆ. ಅದೇ ಓಣಿಯಲ್ಲಿ, ಎರಡು ಬಾಗಿಲಾಚೆ, ಮೂರನೆಯ ರಾತ್ರಿಯೂ ಮಾಸ್ಕ್ ಸೋರಿ ಕಣ್ಣು ಕೆಂಪಾದವರ ಮನೆಗೆ ಯಾರು ಹೋಗಬೇಕು ಎಂಬುದು ಯಾವ ಕಾರ್ಡಿನಲ್ಲೂ ಬರೆದಿಲ್ಲ.